ಆರಾದ ಮೇಲೆ ಎಂಟು

ಚೆನ್ನೈನ ಅಮೆರಿಕ ದೂತಾವಾಸದಲ್ಲಿ ಗಾಜಿನಾಚೆ ಕುಳಿತಿದ್ದ ಅಧಿಕಾರಿ ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ. ಏನು ಓದುತ್ತಿದ್ದೀರಿ, ಮಕ್ಕಳ ಜೊತೆ ಎಲ್ಲಿ ಕೆಲಸ ಮಾಡಿದ್ದೀರಿ, ಈಜು ಬರುತ್ತದೆಯೇ. ಮೈಸೂರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ, ರಂಗಾಯಣದ ಚಿಣ್ಣರ ಮೇಳದಲ್ಲಿ ಎರಡು ಬೇಸಿಗೆ ಸ್ವಯಂಸೇವಕಿಯಾಗಿದ್ದೆ, ಸಾಗರದ ಹತ್ತಿರದ ನಮ್ಮೂರ ಕೆರೆಯಲ್ಲಿ ಈಜು ಕಲಿತೆ ಎಂದು ಉತ್ತರಿಸಿದೆ. ಮೂರನೆಯ ಪ್ರಶ್ನೆಯ ತೂಕ ಜುಲೈ ತಿಂಗಳವರೆಗೆ ನನಗೆ ತಿಳಿದಿರಲಿಲ್ಲ.

ಇದು 2019ರ ಮಾತು. ನಾನು ಹೋದದ್ದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಅಡಿರೋಂಡ್ಯಾಕ್ ಬೆಟ್ಟಗಳಿಗೆ, ಒಂದು ಸರೋವರದ ದಡದಲ್ಲಿದ್ದ ಹೆಣ್ಣುಮಕ್ಕಳ ಬೇಸಿಗೆ ಶಿಬಿರಕ್ಕೆ. ನ್ಯೂಯಾರ್ಕ್ ಎಂದಾಕ್ಷಣ ಊರಿನವರೆಲ್ಲ ಗಗನಚುಂಬಿ ಕಟ್ಟಡಗಳನ್ನು ನೆನೆದರು. ಅಲ್ಲಿ ಇರುವುದು ಸುಮಾರು 60 ಲಕ್ಷ ಎಕರೆಯ ಕಾಡು, ಬೆಟ್ಟ, ನೀರು ಮತ್ತು ನಡುನಡುವೆ ಸಣ್ಣ ಊರುಗಳು. ಅದರಲ್ಲಿ ಸರ್ಕಾರದ ಪಾಲಿನ ಕಾಡು ಎಂದೆಂದಿಗೂ ಕಾಡಾಗಿಯೇ ಉಳಿಯಬೇಕೆಂದು ಆ ರಾಜ್ಯದ ಸಂವಿಧಾನದಲ್ಲಿ 1894ರಲ್ಲೇ ಬರೆದಿದ್ದಾರೆ. ಮಲೆನಾಡಿನವಳಾದ ನನಗೆ ಆ ಸಾಲನ್ನು ಓದಿ ಹೊಟ್ಟೆಕಿಚ್ಚಾಯಿತು.

ಹೋಗುವ ದಾರಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ವಿನಿಮಯ ಕಾರ್ಯಕ್ರಮಗಳಡಿ ಬರುವವರಿಗೆ ಅಮೆರಿಕ ಕೊಡುವ ಜೆ-1 ವೀಸಾದಲ್ಲಿ ಶಿಬಿರದ ಕೌನ್ಸೆಲರ್‌ಗಳಿಗೆಂದೇ ಒಂದು ವರ್ಗವಿದೆ. 18 ವರ್ಷ ತುಂಬಿರಬೇಕು, ವಿದ್ಯಾರ್ಥಿಯಾಗಿರಬೇಕು ಅಥವಾ ಮಕ್ಕಳ ಜೊತೆ ಕೆಲಸ ಮಾಡಿದವರೋ ವಿಶೇಷ ಕೌಶಲ ಉಳ್ಳವರೋ ಆಗಿರಬೇಕು. ನಾಲ್ಕು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಅಮೆರಿಕ ಸರ್ಕಾರದ ಮಾನ್ಯತೆ ಪಡೆದ ಪ್ರಾಯೋಜಕ ಸಂಸ್ಥೆ ಕೊಡುವ ಡಿಎಸ್-2019 ಎಂಬ ಪತ್ರ ಕೈಗೆ ಬಾರದೆ ವೀಸಾ ಸಂದರ್ಶನಕ್ಕೆ ಹೋಗಿ ಪ್ರಯೋಜನವಿಲ್ಲ. ಈ ವರ್ಗದಲ್ಲಿ ಬಂದವರನ್ನು ಅಡುಗೆಮನೆಗೋ ಕಚೇರಿಯ ಕೆಲಸಕ್ಕೋ ಹಾಕುವಂತಿಲ್ಲ ಎಂಬ ನಿಯಮವೂ ಇದೆ; ಹೊರಡುವ ಮುನ್ನ ಅದನ್ನು ಓದಿಕೊಂಡಿರುವುದು ಒಳ್ಳೆಯದು. ಹಣ ಉಳಿಸಲೆಂದು ಈ ಕೆಲಸಕ್ಕೆ ಹೋಗಬೇಡಿ. ವಿಮಾನದ ಟಿಕೆಟ್, ಶುಲ್ಕಗಳು, ಚೆನ್ನೈ ಓಡಾಟ ಕಳೆದು ನನ್ನ ಕೈಯಲ್ಲಿ ಉಳಿದದ್ದು ವಾಪಸು ಬರುವಾಗ ತಂದ ಒಂದು ಜೊತೆ ಬೂಟು ಮತ್ತು ಅಮ್ಮನಿಗೊಂದು ಸ್ವೆಟರ್.

ಕೌನ್ಸೆಲರ್ ಎಂದರೆ ನಮ್ಮಲ್ಲಿ ಆಪ್ತ ಸಮಾಲೋಚಕಿ ಎಂದು ಅರ್ಥ. ಅಲ್ಲಿ ಆ ಹೆಸರು ಮಕ್ಕಳ ಜೊತೆ ಒಂದೇ ಮರದ ಮನೆಯಲ್ಲಿ ಮಲಗಿ, ಏಳಿಸಿ, ಉಣಿಸಿ, ಆಡಿಸಿ, ಮತ್ತೆ ಮಲಗಿಸುವ ಅಕ್ಕನದು. ಒಂಬತ್ತು, ಹತ್ತು ವರ್ಷದ ಹತ್ತು ಹುಡುಗಿಯರು ನನಗೂ ಸ್ಕಾಟ್ಲೆಂಡಿನಿಂದ ಬಂದಿದ್ದ ಇನ್ನೊಬ್ಬ ಹುಡುಗಿಗೂ ಸೇರಿ ಒಪ್ಪಿಸಲ್ಪಟ್ಟಿದ್ದರು. ರಾಜ್ಯದ ನಿಯಮದಂತೆ ಎಂಟು ವರ್ಷ ದಾಟಿದ ಹತ್ತು ಮಕ್ಕಳಿಗೆ ಒಬ್ಬ ಕೌನ್ಸೆಲರ್ ಸಾಕು; ನಮ್ಮ ಶಿಬಿರ ಇಬ್ಬರನ್ನು ಇಟ್ಟಿತ್ತು. ಯಾವ ಕೌನ್ಸೆಲರ್ ಕೂಡ ಒಂದು ಮಗುವಿನ ಜೊತೆ ಒಬ್ಬಳೇ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇರಬಾರದು. ಮಗು ಅತ್ತರೆ ಸಮಾಧಾನ ಮಾಡುವುದೂ ಎಲ್ಲರಿಗೂ ಕಾಣುವ ಮೆಟ್ಟಿಲ ಮೇಲೆಯೇ. ಮೊದಲಿಗೆ ಇದು ನನಗೆ ಅವಮಾನದಂತೆ ಅನಿಸಿತು. ಆಮೇಲೆ ನಮ್ಮ ಹಾಸ್ಟೆಲುಗಳನ್ನು, ಶಾಲೆಗಳನ್ನು ನೆನೆದೆ. ಈ ಒಂದು ನಿಯಮವನ್ನು ಇಲ್ಲಿಗೂ ಹೊತ್ತು ತರಬೇಕು ಎಂದು ಅಂದೇ ಅನಿಸಿತು, ಈಗಲೂ ಅನಿಸುತ್ತದೆ.

ಜೂನ್ ಕೊನೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆ ದಾಟಿದರೂ ಸೂರ್ಯ ಮುಳುಗುವುದಿಲ್ಲ. ದೀಪ ಆರಿಸುವುದು ಒಂಬತ್ತೂವರೆಗೆ. ಮನೆಯ ನೆನಪು ಮಕ್ಕಳನ್ನು ಹಿಡಿಯುವುದು ಅದಾದ ಹದಿನೈದು ನಿಮಿಷಗಳಲ್ಲಿ. ಹಗಲಿಡೀ ದೋಣಿ ಹುಟ್ಟು ಹಾಕಿ ನಗುತ್ತಿದ್ದವಳು ದಿಂಬಿಗೆ ಮುಖವೊತ್ತಿ ಬಿಕ್ಕುತ್ತಾಳೆ. ಶಿಬಿರದಲ್ಲಿ ಮಕ್ಕಳಿಗೆ ಫೋನ್ ಇಲ್ಲ, ಪತ್ರ ಮಾತ್ರ. ‘ಇಷ್ಟವಾಗದಿದ್ದರೆ ಬಂದು ಕರೆದುಕೊಂಡು ಹೋಗುತ್ತೇವೆ’ ಎಂದು ಮನೆಯವರು ಮಾತು ಕೊಟ್ಟು ಕಳಿಸಿದ ಮಕ್ಕಳದ್ದು ಎಲ್ಲರಿಗಿಂತ ಹೆಚ್ಚು ಕಷ್ಟ, ಏಕೆಂದರೆ ಅವರು ಪ್ರತಿ ಸಂಜೆ ಆ ಮಾತನ್ನೇ ಕಾಯುತ್ತಿರುತ್ತಾರೆ. ನಾನು ಯಾವ ಮಾತನ್ನೂ ಕೊಡಲಿಲ್ಲ. ಅಡಿಕೆ ತೋಟದ ಕಥೆ ಹೇಳುತ್ತಿದ್ದೆ, ತೋಟಕ್ಕೆ ನುಗ್ಗುವ ಮಂಗಗಳನ್ನು ಅಜ್ಜಿ ಬೆದರಿಸುತ್ತಿದ್ದ ಬಗೆಯನ್ನು ಹೇಳುತ್ತಿದ್ದೆ. ಅಲ್ಲಿ ರಾತ್ರಿ ಒಂಬತ್ತೂವರೆ ಎಂದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ ಏಳು, ಅಮ್ಮ ತೆಳ್ಳೇವು ಎರೆಯುವ ಹೊತ್ತು. ಕಥೆ ಹೇಳುವಾಗ ನನ್ನ ಗಂಟಲೂ ಕಟ್ಟುತ್ತಿತ್ತು, ಕತ್ತಲಿತ್ತು, ಕಾಣುತ್ತಿರಲಿಲ್ಲ.

ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳಿರುತ್ತಾರೆ. ಎಲ್ಲರೂ ತಿಂಡಿಗೆ ಹೋದಾಗ ಒಬ್ಬ ಕೌನ್ಸೆಲರ್ ಏನೋ ಮರೆತವಳಂತೆ ವಾಪಸು ಬಂದು ಹೊದಿಕೆ ಬದಲಿಸಿ, ಅದೇ ಮಡಿಕೆಯಲ್ಲಿ ಇಟ್ಟು ಹೋಗುತ್ತಾಳೆ. ಆ ಮಗುವಿಗೂ ನಮಗೂ ಅದರ ಬಗ್ಗೆ ಒಂದೇ ಒಂದು ಮಾತು ನಡೆಯುವುದಿಲ್ಲ.

ಪ್ರತಿ ಸಂಜೆ ಉಣುಗು ನೋಡುವ ಕೆಲಸವಿತ್ತು. ಜಿಂಕೆ ಉಣುಗು ಕಚ್ಚಿ ಲೈಮ್ ಕಾಯಿಲೆ ಬರುತ್ತದೆ. ನೆರೆಯ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಹೆಸರನ್ನೇ ಆ ರೋಗಕ್ಕೆ ಇಟ್ಟಿದ್ದಾರೆ. ಕಿವಿಯ ಹಿಂದೆ, ಕೂದಲಿನ ಅಂಚು, ಮೊಣಕಾಲಿನ ಹಿಂಬದಿ ನೋಡಬೇಕು, ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಬೇಕು ಎಂದು ನರ್ಸ್ ಕಲಿಸುವಾಗ ಬೇರೆ ದೇಶಗಳಿಂದ ಬಂದವರು ಮುಖ ಕಿವುಚಿದರು. ನಾನು ಮೈಯೆಲ್ಲ ಕಿವಿಯಾಗಿದ್ದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ 2019ರ ಆರಂಭದಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಜನರನ್ನು ಬಲಿ ತೆಗೆದುಕೊಂಡಿತ್ತು. ಉಣುಗು ಕಚ್ಚದಂತೆ ತಡೆಯುವ ಡಿಎಂಪಿ ತೈಲ ಹಚ್ಚದೆ ಸೊಪ್ಪಿಗೆ ಹೋಗಬೇಡ ಎಂದು ಕೇಳಿಕೊಂಡೇ ನಾನು ವಿಮಾನ ಹತ್ತಿದ್ದೆ. ಶಿಬಿರದ ನಮ್ಮ ಮರದ ಮನೆಯ ಹುಡುಗಿಯರನ್ನು ಪರೀಕ್ಷಿಸುವ ಕೆಲಸವನ್ನು ನಾನಿದ್ದ ಒಂದು ಸಂಜೆಯೂ ಬೇರೆಯವರಿಗೆ ಬಿಡಲಿಲ್ಲ.

ಆದರೆ ಈ ಕೆಲಸದ ಬೆನ್ನೆಲುಬು ಎಣಿಕೆ. ಮನೆಯಿಂದ ಹೊರಡುವಾಗ ಎಣಿಸು, ಊಟದ ಮನೆಯ ಬಾಗಿಲಲ್ಲಿ ಎಣಿಸು, ಕಾಡಿನ ದಾರಿಯ ತಿರುವಿನಲ್ಲಿ ಎಣಿಸು, ನೀರಿಗಿಳಿಯುವ ಮುನ್ನ ಮತ್ತು ಮೇಲೆ ಬಂದ ಮೇಲೆ ಎಣಿಸು. ಮಕ್ಕಳು ಸಾಲಾಗಿ ನಿಂತು ತಮ್ಮ ತಮ್ಮ ಸಂಖ್ಯೆ ಕೂಗಬೇಕು. ಎರಡನೆಯ ವಾರದ ಒಂದು ಮಳೆಯ ದಿನ, ಲಗೋರಿಗೆಂದು ದಡದಲ್ಲಿ ಆಯ್ದಿದ್ದ ಏಳು ಚಪ್ಪಟೆ ಕಲ್ಲುಗಳನ್ನು ಮನೆಯೊಳಗೇ ಪೇರಿಸುತ್ತಿದ್ದಾಗ, ನಿನ್ನ ಭಾಷೆಯಲ್ಲಿ ಹೇಗೆ ಎಣಿಸುತ್ತೀರಿ ಎಂದು ಒಬ್ಬಳು ಕೇಳಿದಳು. ಸಂಜೆಯ ಹೊತ್ತಿಗೆ ಹತ್ತೂ ಜನ ತಮ್ಮ ಸಂಖ್ಯೆಯನ್ನು ಕನ್ನಡದಲ್ಲಿ ಕಲಿತಿದ್ದರು. ಒಂಬತ್ತನ್ನು ಹೇಳುವುದು ಕಷ್ಟವೆಂದುಕೊಂಡಿದ್ದೆ, ಅವಳು ಸಲೀಸಾಗಿ ಹೇಳಿದಳು. ತೊಡಕಾದದ್ದು ಏಳಕ್ಕೆ. ಆ ‘ಳ’ ಅವರ ಭಾಷೆಯಲ್ಲಿಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ಮುಟ್ಟಿಸಬೇಕೆಂದು ಬಾಯಿ ತೆರೆದು ತೋರಿಸಿದೆ. ಏಳನೆಯವಳು, ಮುಂದಿನ ಎರಡು ಹಲ್ಲು ದೊಡ್ಡದಾಗಿದ್ದ, ಮಾತು ಕಡಿಮೆಯ ಹುಡುಗಿ, ಹಲ್ಲುಜ್ಜುವಾಗಲೂ ಅದನ್ನೇ ಅಭ್ಯಾಸ ಮಾಡುತ್ತಿದ್ದಳು.

ಸರೋವರದ ದಡದಲ್ಲಿ ಒಂದು ಹಲಗೆ, ಅದರ ಮೇಲೆ ಪ್ರತಿ ಮಗುವಿನ ಹೆಸರಿನ ಬಿಲ್ಲೆ. ನೀರಿಗಿಳಿಯುವಾಗ ಬಿಲ್ಲೆಯನ್ನು ಒಂದು ಬದಿಗೆ ತಿರುಗಿಸಬೇಕು, ಹೊರಬಂದಾಗ ಇನ್ನೊಂದು ಬದಿಗೆ. ಪ್ರತಿಯೊಬ್ಬಳಿಗೂ ಒಬ್ಬ ಜೊತೆಗಾತಿ. ಪ್ರತಿ 15 ನಿಮಿಷಕ್ಕೆ ಸೀಟಿ ಊದುತ್ತಾರೆ. ಇದ್ದಲ್ಲೇ ನಿಂತು ಜೊತೆಗಾತಿಯ ಕೈ ಹಿಡಿದು ಮೇಲೆತ್ತಬೇಕು. ಜೀವರಕ್ಷಕರು ಜೋಡಿಗಳನ್ನು ಎಣಿಸಿ ಹಲಗೆಯ ಲೆಕ್ಕಕ್ಕೆ ತಾಳೆ ನೋಡುತ್ತಾರೆ.

ಜುಲೈ ಮೂರನೆಯ ವಾರದ ಒಂದು ಮಧ್ಯಾಹ್ನ ಸೀಟಿ ಊದಿದಾಗ ನಮ್ಮ ಮಕ್ಕಳಲ್ಲಿ ಒಬ್ಬಳು ಕಟ್ಟೆಯ ಮೇಲೆ ಈಜುಕನ್ನಡಕ ಸರಿಮಾಡಿಕೊಳ್ಳುತ್ತ ಒಬ್ಬಳೇ ನಿಂತಿದ್ದಳು. ಎಲ್ಲರೂ ಹೊರಗೆ ಬನ್ನಿ ಎಂದು ಕೂಗಾಯಿತು. ನಮ್ಮವರು ದಡದಲ್ಲಿ ಸಾಲಾಗಿ ನಿಂತು ಎಣಿಸಿದರು. ಐದು. ಆರು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ, ಯಾರೋ ಹೇಳಲೇಬೇಕೆಂಬಂತೆ, ಎಂಟು.

ಏಳನೆಯವಳ ಬಿಲ್ಲೆ ನೀರಿನ ಬದಿಗೇ ಇತ್ತು.

ಮಕ್ಕಳು ಬರುವ ಮುನ್ನಿನ ತರಬೇತಿ ವಾರದಲ್ಲಿ ಇದನ್ನು ಎರಡು ಬಾರಿ ಅಭ್ಯಾಸ ಮಾಡಿದ್ದೆವು. ನನ್ನ ಜೊತೆಯವಳು ಉಳಿದ ಮಕ್ಕಳನ್ನು ನೀರಿಗೆ ಬೆನ್ನು ಮಾಡಿ ಕೂರಿಸಿದಳು. ನಾವು ಹದಿನಾಲ್ಕು ಜನ ತೋಳಿಗೆ ತೋಳು ಹೆಣೆದು ಸರಪಳಿಯಾಗಿ ಎದೆಮಟ್ಟದ ನೀರಿನಲ್ಲಿ ನಡೆದೆವು, ಪ್ರತಿ ಹೆಜ್ಜೆಗೂ ಪಾದದಿಂದ ತಳವನ್ನು ಸವರುತ್ತ. ಆಳದಲ್ಲಿ ಜೀವರಕ್ಷಕರು ಸಾಲಾಗಿ ಮುಳುಗಿ ಏಳುತ್ತಿದ್ದರು. ಇಬ್ಬರು ಮರದ ಮನೆ, ಶೌಚಾಲಯ, ಊಟದ ಮನೆಗಳ ಕಡೆ ಓಡಿದ್ದರು. ಆ ನೀರು ಜುಲೈನಲ್ಲೂ ತಣ್ಣಗಿರುತ್ತದೆ. ನನ್ನ ಕಾಲಿಗೆ ಮೃದುವಾದದ್ದೇನೋ ತಾಗಿತು. ಬಗ್ಗಿ ಹಿಡಿದೆ. ನೀರುಗಿಡ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ನಡೆದೆನೆಂದು ಪಕ್ಕದಲ್ಲಿದ್ದವಳು ಆಮೇಲೆ ಹೇಳಿದಳು.

ನಾಲ್ಕು ನಿಮಿಷವಾಗಿತ್ತಂತೆ. ಅವಳು ಶೌಚಾಲಯದಲ್ಲಿದ್ದಳು. ಅವಸರವಾಗಿ ಓಡಿದ್ದಳು, ಬಿಲ್ಲೆ ತಿರುಗಿಸಿರಲಿಲ್ಲ, ಜೊತೆಗಾತಿಗೂ ಹೇಳಿರಲಿಲ್ಲ. ಟವೆಲ್ ಹೊದ್ದು ದಡಕ್ಕೆ ಬಂದು ನಮ್ಮೆಲ್ಲರನ್ನು ನೋಡಿ ಅಲ್ಲೇ ನಿಂತಳು.

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನಿಸಿತು, ಎತ್ತಿಕೊಳ್ಳಬೇಕು ಅನಿಸಿತು, ಎರಡೂ ಒಟ್ಟಿಗೆ. ಎರಡನ್ನೂ ಮಾಡಲಿಲ್ಲ. ನೀರಿನ ವಿಭಾಗದ ಮುಖ್ಯಸ್ಥೆ ಅವಳ ಎದುರು ಮಂಡಿಯೂರಿ, ನೀನು ಸಿಕ್ಕಿದ್ದು ನಮಗೆಲ್ಲ ಸಂತೋಷ, ಈಗ ಹೋಗಿ ನಿನ್ನ ಬಿಲ್ಲೆ ತಿರುಗಿಸು ಎಂದಳು. ಅಷ್ಟೇ. ಆಮೇಲೆ ನಮ್ಮನ್ನು ಕೂರಿಸಿ ವಿವರಿಸಿದಳು: ಬೈಸಿಕೊಂಡ ಮಗು ಮುಂದಿನ ಸಲ ತಪ್ಪಾದಾಗ ಅಡಗಿಕೊಳ್ಳುತ್ತದೆ, ಅಡಗಿದ ಮಗುವನ್ನು ಹುಡುಕುತ್ತ ನಾವು ನೀರಿನಲ್ಲಿರುತ್ತೇವೆ. ನಮ್ಮ ಲೋಪವನ್ನು ಬರೆದುಕೊಂಡೆವು. ಹಲಗೆಯ ಬಳಿ ಸದಾ ಒಬ್ಬರು ಇರಬೇಕಿತ್ತು. ಆ ಹೊತ್ತಿಗೆ ಇರಬೇಕಾಗಿದ್ದವಳು ನಾನು, ಒಂದು ಮಗುವಿನ ಕೂದಲು ಕಟ್ಟಲು ನಾಲ್ಕು ಹೆಜ್ಜೆ ಆಚೆ ಹೋಗಿದ್ದೆ. ವರದಿಯಲ್ಲಿ ಅದನ್ನು ನನ್ನ ಕೈಯಾರೆ ಬರೆದು ಸಹಿ ಮಾಡಿದೆ.

ಆ ರಾತ್ರಿ ಏಳನೆಯವಳು ಬೇಗ ನಿದ್ದೆ ಹೋದಳು. ನಾನು ಹಾಸಿಗೆಯ ಮೇಲೆ ಕುಳಿತು ಹತ್ತು ಉಸಿರುಗಳನ್ನು ಎಣಿಸಿದೆ, ಮತ್ತೆ ಮೊದಲಿನಿಂದ ಎಣಿಸಿದೆ.

ಮರುದಿನ ಸಾಲಿನಲ್ಲಿ ಅವಳು ತನ್ನ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಹೇಳಿದಳು. ಯಾರೂ ತಿದ್ದಲಿಲ್ಲ. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ಬೆಳಿಗ್ಗೆ, ಊಟದ ಮನೆಯ ಬಾಗಿಲಲ್ಲಿ, ಆರು ಎಂದಾದ ಮೇಲೆ ಅವಳು ನನ್ನ ಕಡೆ ನೋಡಿದಳು, ನಾಲಿಗೆಯನ್ನು ಹಿಂದಕ್ಕೆ ಮಡಚಿದಳು, ಏಳು ಎಂದಳು. ‘ಳ’ ಇನ್ನೂ ಸರಿಯಾಗಿರಲಿಲ್ಲ.