ನಿಲ್ಲುವ ಮೇಕಪ್ಪು, ಬಿಡಿಸುವ ಕೆಲಸ

ದಾವಣಗೆರೆಯಲ್ಲಿ ಮದುಮಗಳ ಮೇಕಪ್ ಮಾಡುವುದು ನನ್ನ ಕೆಲಸ. ಬೆಳಗಿನ ಜಾವ ಹಚ್ಚಿದ ಬಣ್ಣ ಹೋಮದ ಹೊಗೆ, ಧಾರೆ, ಅಪ್ಪ ಅಮ್ಮನ ಎದುರಿನ ಅಳು ಎಲ್ಲಾ ದಾಟಿ ಊಟದ ಹೊತ್ತಿನವರೆಗೂ ನಿಲ್ಲಬೇಕು. ಗಂಟೆಗಟ್ಟಲೆ ಅಳಿಸದೆ ನಿಲ್ಲುವ ಲಾಂಗ್‌ವೇರ್ ಮೇಕಪ್ ಇಲ್ಲದೆ ಆಗುವುದಿಲ್ಲ.

ಒಮ್ಮೆ ಟ್ರಯಲ್ ದಿನ ಹುಡುಗಿಯೊಬ್ಬಳು ಕೇಳಿದಳು, "ಅಕ್ಕಾ, ಇದರಲ್ಲಿ ಪ್ಲಾಸ್ಟಿಕ್ ಇರುತ್ತಂತೆ, ಚರ್ಮದೊಳಗೆ ಹೋಗಲ್ವಾ?" ನನ್ನ ಬಳಿ ಉತ್ತರವಿರಲಿಲ್ಲ. ಅವತ್ತು ರಾತ್ರಿ ಪೆಟ್ಟಿಗೆಯಲ್ಲಿದ್ದ ಲೇಬಲ್‌ಗಳನ್ನೆಲ್ಲ ಓದುತ್ತಾ ಕೂತೆ.

ಲಿಕ್ವಿಡ್ ಲಿಪ್‌ಸ್ಟಿಕ್ ಮೇಲೆ ಐಸೋಡೋಡೆಕೇನ್ ಮತ್ತು ಟ್ರೈಮಿಥೈಲ್‌ಸಿಲಾಕ್ಸಿಸಿಲಿಕೇಟ್. ಮೊದಲನೆಯದು ಬೇಗ ಆರಿಹೋಗುತ್ತದೆ. ಎರಡನೆಯದು ಸಿಲಿಕೋನ್ ರಾಳ, ಬಣ್ಣ ಹಿಡಿದುಕೊಂಡು ತುಟಿ ಮೇಲೆ ಪೊರೆಯಾಗಿ ಕೂರುತ್ತದೆ. ರೆಪ್ಪೆಗೂದಲಿಗೆ ಹಚ್ಚುವ ಮಸ್ಕಾರಾದಲ್ಲಿ ಅಕ್ರಿಲೇಟ್ಸ್ ಕೋಪಾಲಿಮರ್ ಇತ್ತು, ಅದೂ ಪೊರೆ ಕಟ್ಟುವಂಥದ್ದೇ. ಪೊರೆ ಕಟ್ಟುವ ಇಂಥ ಪಾಲಿಮರ್‌ಗಳು (ಆ ಹುಡುಗಿ ಪ್ಲಾಸ್ಟಿಕ್ ಅಂದದ್ದು ಇವನ್ನೇ) ತುಂಬ ದೊಡ್ಡ ಅಣುಗಳು, ಗಾಯವಿಲ್ಲದ ಚರ್ಮ ದಾಟಿ ಒಳಹೋಗುವುದು ಕಷ್ಟ. ಅಮೆರಿಕದ ಕಾಸ್ಮೆಟಿಕ್ ಇಂಗ್ರಿಡಿಯಂಟ್ ರಿವ್ಯೂ ತಜ್ಞರೂ, ಚರ್ಮ ಕೆರಳಿಸದ ಹಾಗೆ ತಯಾರಿಸಿದರೆ ಅಕ್ರಿಲೇಟ್ ಪಾಲಿಮರ್‌ಗಳು ಸುರಕ್ಷಿತ ಎಂದಿದ್ದಾರೆ.

ಫ್ಲೋರಿನ್ ಮಾತು ಬೇರೆ. 2021ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದವರು ಅಮೆರಿಕ, ಕೆನಡಾದ 231 ಮೇಕಪ್ ಸಾಮಾನು ಪರೀಕ್ಷಿಸಿದರು. ವಾಟರ್‌ಪ್ರೂಫ್ ಮಸ್ಕಾರಾ, ಲಿಕ್ವಿಡ್ ಲಿಪ್‌ಸ್ಟಿಕ್‌ಗಳಲ್ಲಿ ಅದು ಜಾಸ್ತಿ ಸಿಕ್ಕಿತು. ಅದು ಪಿಎಫ್‌ಎಎಸ್, ಅಂದರೆ ಫ್ಲೋರಿನ್ ಸೇರಿದ, ಸುಲಭವಾಗಿ ನಾಶವಾಗದ ರಾಸಾಯನಿಕಗಳು ಇರಬಹುದು ಎನ್ನುವುದರ ಸುಳಿವು. ಎಷ್ಟೋ ಲೇಬಲ್‌ಗಳಲ್ಲಿ ಅವುಗಳ ಹೆಸರೇ ಇರಲಿಲ್ಲವಂತೆ, ನನಗೆ ಸಿಟ್ಟು ಬಂದದ್ದು ಅಲ್ಲಿ. ಲೇಬಲ್ ಮೇಲೆ ಇದೇ ಗುಂಪಿನ 'ಪಿಟಿಎಫ್‌ಇ', 'ಪರ್‌ಫ್ಲೋರೊ' ಅಂತ ಕಂಡದ್ದನ್ನು ನಾನು ಕೊಳ್ಳುವುದಿಲ್ಲ.

ಆದರೆ ನನ್ನ ಕೈಯಿಂದ ತೊಂದರೆಯಾದದ್ದು ಹಚ್ಚುವಾಗ ಅಲ್ಲ, ತೆಗೆಯುವಾಗ. ರಿಸೆಪ್ಶನ್‌ಗೆ ಬೇರೆ ಮೇಕಪ್ ಮಾಡುವ ಅವಸರದಲ್ಲಿ ವೆಟ್ ವೈಪ್ ಹಿಡಿದು ಉಜ್ಜುತ್ತಿದ್ದೆ. ಒಬ್ಬ ಮದುಮಗಳ ರೆಪ್ಪೆ ಕೆಂಪಾಗಿ ಊದಿಕೊಂಡಿತು. ಅವಳ ತಾಯಿ ಏನೂ ಬೈಯಲಿಲ್ಲ, ಸುಮ್ನೆ ಮಗಳ ಮುಖ ನೋಡುತ್ತಾ ನಿಂತರು. ಇವತ್ತಿಗೂ ಅದು ಮರೆತಿಲ್ಲ.

ಸಿಲಿಕೋನ್ ಪೊರೆ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಸಡಿಲವಾಗುತ್ತದೆ. ಈಗ ಹತ್ತಿಗೆ ಬೇಬಿ ಆಯಿಲ್ ಹಾಕಿ ತುಟಿ ಮೇಲೆ ಒತ್ತಿ, 30 ಎಣಿಸಿ, ಮೆಲ್ಲಗೆ ಕೆಳಗೆಳೆಯುತ್ತೇನೆ. ಆಮೇಲೆ ಫೇಸ್‌ವಾಶ್. ರೆಪ್ಪೆಗೂದಲ ಸುತ್ತ ಕೊಳವೆಯಂತೆ ಕೂರುವ ಟ್ಯೂಬಿಂಗ್ ಮಸ್ಕಾರಾ ಮಾತ್ರ ಉಲ್ಟಾ. ಅದಕ್ಕೆ ಉಗುರುಬೆಚ್ಚಗಿನ ನೀರಿನ ಹತ್ತಿ ಸಾಕು, ಸಣ್ಣ ಸಣ್ಣ ಎಳೆಗಳಾಗಿ ಕಳಚಿ ಬರುತ್ತದೆ.

ಟ್ರಯಲ್ ದಿನವೇ ಹೊಸ ಸಾಮಾನನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ, 48 ಗಂಟೆ ಬಿಟ್ಟು ಫೋಟೋ ಕಳಿಸಲು ಹೇಳುತ್ತೇನೆ. ಮದುವೆ ದಿನ ಹೊರಡುವ ಮುಂಚೆ ಎಣ್ಣೆ, ಹತ್ತಿ ಇಟ್ಟ ಪುಟ್ಟ ಚೀಲವನ್ನು ಮದುಮಗಳ ಚಿಕ್ಕಮ್ಮನ ಕೈಗೆ ಕೊಡುತ್ತೇನೆ. "ಎಷ್ಟೇ ನಿದ್ದೆ ಬಂದರೂ ಹಾಗೇ ಮಲಗಿಸಬೇಡಿ" ಅಂತ ಹೇಳಿಯೇ ಹೊರಡುವುದು.