ಮೊದಲ ಮೈಕ್: ಕೋಣೆ ನೋಡಿ, ಆಮೇಲೆ ದುಡ್ಡು ಬಿಚ್ಚಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡ್ತೀನಿ ಅಂದ ಕೂಡಲೇ ಗೊತ್ತಿದ್ದವರೆಲ್ಲ ಒಂದೇ ಮಾತು ಹೇಳಿದರು: "ಕಂಡೆನ್ಸರ್ ಮೈಕ್ ತಗೊಳ್ಳಿ, ಸ್ಟುಡಿಯೋದಲ್ಲಿ ಅದೇ ಇರೋದು." ನಾನು ಕೊನೆಗೆ ತಗೊಂಡಿದ್ದು ಡೈನಾಮಿಕ್ ಮೈಕ್. ಕಂಡೆನ್ಸರ್ ತೀರಾ ಸಣ್ಣ ಸದ್ದನ್ನೂ ಹಿಡಿಯುವ ಬಗೆ, ಡೈನಾಮಿಕ್ ಅಷ್ಟು ಸೂಕ್ಷ್ಮ ಅಲ್ಲದ ಬಗೆ. ನಿಮ್ಮ ದನಿ ಬೇರೆ, ಕೋಣೆ ಬೇರೆ. ಹಾಗಾಗಿ ನೀವು ಬೇರೆಯದನ್ನೇ ಆರಿಸಿಕೊಳ್ಳಬಹುದು. ನಾನು ಹೇಗೆ ಆರಿಸಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಕ್ ನೋಡುವ ಮೊದಲು ಕೋಣೆಯನ್ನು ಕೇಳಿದೆ. ಹಾಡುವ ಜಾಗದಲ್ಲಿ ಫೋನ್ ಇಟ್ಟು, ಸುಮ್ಮನೆ ಕೂತು, ಒಂದು ನಿಮಿಷದ ಮೌನ ರೆಕಾರ್ಡ್ ಮಾಡಿದೆ. ಅದನ್ನು ಹೆಡ್‌ಫೋನ್ ಹಾಕಿ ಜೋರಾಗಿ ಕೇಳಿದರೆ ಮೌನ ಅನ್ನೋದು ಎಲ್ಲಿತ್ತು? ಫ್ಯಾನಿನ ಗಾಳಿ, ಆಚೆ ಕೋಣೆಯ ಫ್ರಿಜ್ಜಿನ ಗುಂಯ್ ಸದ್ದು, ಕಂಪ್ಯೂಟರಿನ ಉಸಿರಾಟ. ಆಮೇಲೆ ಒಂದೇ ಒಂದು ಚಪ್ಪಾಳೆ ಹೊಡೆದೆ. ಬೋಳು ಗೋಡೆಗಳ ನಡುವೆ ಅದು ಟರ್ ಅಂತ ಎಳೆದುಕೊಂಡು ಹೋಯಿತು. ಇಂಥ ಕೋಣೆಯಲ್ಲಿ ಯಾವ ಮೈಕ್ ಇಟ್ಟರೂ ಬರೀ ನನ್ನ ದನಿ ಬರೋದಿಲ್ಲ, ಗೋಡೆಯೂ ಹಾಡುತ್ತದೆ.

ಇನ್ನು ಬಜೆಟ್. ಇದ್ದ ದುಡ್ಡನ್ನೆಲ್ಲ ಮೈಕಿಗೇ ಸುರಿಯುವ ಹಾಗಿಲ್ಲ. ಎಕ್ಸ್‌ಎಲ್‌ಆರ್ ಮೈಕ್ (ಮೂರು ಪಿನ್ನಿನ ಕೇಬಲ್ ಹಾಕುವ ಮೈಕ್) ಅಂದರೆ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಕೇಬಲ್, ಸ್ಟ್ಯಾಂಡ್, ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಇಷ್ಟೂ ಬೇಕು. ಹೆಡ್‌ಫೋನ್ ಸಡಿಲವಾಗಿದ್ದರೆ ಹಿನ್ನೆಲೆ ಸಂಗೀತದ ಸದ್ದು ಸೋರಿ ಮೈಕಿಗೆ ಹೋಗುತ್ತದೆ. ಇದನ್ನೆಲ್ಲ ತೆಗೆದಿಟ್ಟ ಮೇಲೆ ಉಳಿದದ್ದು ಮೈಕಿಗೆ. ಅಷ್ಟು ಆಗದಿದ್ದರೆ ಯುಎಸ್‌ಬಿ ಮೈಕ್ ಕೀಳೇನಲ್ಲ. ಆದರೆ ಅದರಲ್ಲೇ ಹೆಡ್‌ಫೋನ್ ಜ್ಯಾಕ್ ಇರಬೇಕು. ಇಲ್ಲದಿದ್ದರೆ ನಿಮ್ಮ ದನಿ ಕಂಪ್ಯೂಟರ್ ಸುತ್ತಿ ತಡವಾಗಿ ಕಿವಿಗೆ ಬಂದು ತಾಳ ತಪ್ಪಿಸುತ್ತದೆ. ಸ್ಯಾಮ್ಸನ್ ಕ್ಯೂ2ಯು ಥರದ ಡೈನಾಮಿಕ್ ಮೈಕ್‌ಗಳಲ್ಲಿ ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇರುತ್ತವೆ. ಈಗ ಯುಎಸ್‌ಬಿಯಲ್ಲಿ ಶುರು ಮಾಡಿ, ಮುಂದೆ ಇಂಟರ್‌ಫೇಸ್ ತಗೊಂಡಾಗ ಅದೇ ಮೈಕ್ ಮುಂದುವರಿಸಬಹುದು. ಒಳ್ಳೆಯ ಉಪಾಯ ಅದು.

ಡೈನಾಮಿಕ್ ಮೈಕಿನಲ್ಲಿ ಸದ್ದಿಗೆ ಅದುರುವ ಒಳಪರದೆಗೆ ಅಂಟಿಕೊಂಡ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ಕರೆಂಟ್ ಹುಟ್ಟುತ್ತದೆ. ಸುರುಳಿಯ ಭಾರ ಇರುವುದರಿಂದ ತೀರಾ ಸಣ್ಣ, ಚುರುಕಾದ ಸದ್ದುಗಳಿಗೆ ಅದು ಅಷ್ಟಾಗಿ ಮಿಡಿಯೋದಿಲ್ಲ. ಕಂಡೆನ್ಸರಿನ ಪರದೆ ತೆಳು, ಹಗುರ, ಹಾಗಾಗಿ ಸಣ್ಣ ಸದ್ದಿಗೂ ಮಿಡಿಯುತ್ತದೆ. ಸಾಮಾನ್ಯವಾಗಿ ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ ಮೂಲಕವೇ ಹೋಗುವ ಕರೆಂಟ್, ಕೊಡಬೇಕು.

ಇಲ್ಲಿ ಎಲ್ಲರೂ ಹೇಳುವ ಇನ್ನೊಂದು ಮಾತಿದೆ: ಡೈನಾಮಿಕ್ ಮೈಕ್ ಸುತ್ತಲಿನ ಸದ್ದು ಹಿಡಿಯೋದೇ ಇಲ್ಲ ಅಂತ. ನನಗೆ ನಂಬಿಕೆ ಬರಲಿಲ್ಲ. ಸ್ನೇಹಿತರಿಂದ ಎರಡೂ ಬಗೆಯ ಮೈಕ್ ಎರವಲು ತಂದು, ಒಂದೇ ಪಲ್ಲವಿಯನ್ನು ಎರಡರಲ್ಲೂ ಹಾಡಿದೆ. ಮೊದಲು ಒಂದು ಗೇಣು ದೂರದಿಂದ, ಆಮೇಲೆ ನಾಲ್ಕು ಬೆರಳಿನಷ್ಟು ಹತ್ತಿರದಿಂದ. ಕೇಳುವ ಮುಂಚೆ ಎಲ್ಲದರ ವಾಲ್ಯೂಮ್ ಸಮ ಮಾಡಿಕೊಂಡೆ. ಇದನ್ನು ಮರೆತರೆ ಪರೀಕ್ಷೆ ದಂಡ. ಕಿವಿಗೆ ಜೋರಾಗಿದ್ದದ್ದೇ ಚೆಂದ ಅನ್ನಿಸಿಬಿಡುತ್ತೆ.

ಒಂದೇ ದೂರದಲ್ಲಿಟ್ಟಾಗ ಕೋಣೆಯ ಗದ್ದಲ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಕಂಡೆನ್ಸರಿನಲ್ಲಿ ಮೇಲಿನ ಸ್ವರಗಳು ಹೊಳೆಯುತ್ತಿದ್ದವು, ಅವುಗಳ ಜೊತೆ ಗೋಡೆಯ ಮಾರ್ದನಿಯೂ ಸ್ವಲ್ಪ ಹೊಳೆಯುತ್ತಿತ್ತು. ಅಷ್ಟೇ ವ್ಯತ್ಯಾಸ. ನಿಜವಾದ ಬದಲಾವಣೆ ಬಂದಿದ್ದು ಹತ್ತಿರ ಹೋದಾಗ. ದೂರ ಅರ್ಧ ಆದರೆ ಬಾಯಿಂದ ನೇರ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಗೋಡೆಯಿಂದ ಮರಳುವ ಸದ್ದು ಇದ್ದಷ್ಟೇ ಇರುತ್ತದೆ. ಆಗ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಿದರೆ ಕೋಣೆ ತಾನಾಗಿ ಹಿಂದೆ ಸರಿಯುತ್ತದೆ. ಅಂದರೆ ಕೋಣೆಯ ಸದ್ದನ್ನು ದೂರ ಇಡುವುದು ಮೈಕಿನ ಜಾತಿಗಿಂತ ಹೆಚ್ಚಾಗಿ ಅದು ಬಾಯಿಗೆ ಎಷ್ಟು ಹತ್ತಿರ ಇದೆ ಅನ್ನೋದು.

ಹಾಗಿದ್ದರೆ ಪ್ರಶ್ನೆ ಬದಲಾಯಿತಲ್ವಾ? ಹತ್ತಿರದಿಂದ ಹಾಡಿದರೆ ಯಾವ ಮೈಕ್ ತಡೆದುಕೊಳ್ಳುತ್ತದೆ? ಆ ಕಂಡೆನ್ಸರಿಗೆ ನಾಲ್ಕು ಬೆರಳಿನ ದೂರದಿಂದ ಹಾಡಿದರೆ ತುಟಿ ಬಿಚ್ಚುವ ಚಪ್ ಸದ್ದು, ಪ್ರತಿ ಉಸಿರು, 'ಸ'ಕಾರದ ಸೀಟಿ ಎಲ್ಲ ಮುಂದೆ ಬಂದು ಕೂತವು. ಡೈನಾಮಿಕ್ ಇವನ್ನೆಲ್ಲ ಮೆತ್ತಗೆ ಮಾಡಿತು. ತೀರಾ ಹತ್ತಿರ ಹಾಡಿದರೆ, ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಇಂಥ ಮೈಕ್‌ಗಳಲ್ಲಿ ಬೇಸ್ ಜಾಸ್ತಿ ಆಗುತ್ತದೆ. ನನ್ನ ದನಿ ಸ್ವಲ್ಪ ತೆಳು, ಹಾಗಾಗಿ ಆ ಬೇಸ್ ನನಗೆ ವರವೇ ಆಯಿತು. ಮೊದಲೇ ಗಡಸು, ತುಂಬು ದನಿ ಇರುವವರಿಗೆ ಇದೇ ಮೈಕ್ ಮಬ್ಬು ಅನ್ನಿಸಬಹುದು.

ತಗೊಂಡಿದ್ದು ಶೂರ್ ಎಸ್‌ಎಂ58. 1966ರಿಂದ ಇರುವ ಮೈಕ್, ವೇದಿಕೆಗಳಲ್ಲಿ ನೀವೂ ನೋಡಿರುತ್ತೀರಿ. ಅದರ ವಿವರಗಳ ಕಾಗದದಲ್ಲಿ ಅದು ಹಿಡಿಯುವ ಫ್ರೀಕ್ವೆನ್ಸಿ (ಸ್ವರದ ತಗ್ಗು-ಎತ್ತರ) 50ರಿಂದ 15,000 ಹರ್ಟ್ಜ್ ಅಂತಿದೆ. 20,000ದವರೆಗೆ ಅಂತ ಬರೆದ ಮೈಕ್‌ಗಳ ಮುಂದೆ ಇದು ಬಡಪಾಯಿ ಥರ ಕಾಣುತ್ತದೆ. ಹಾಡುವ ದನಿಗೆ ಅದರಿಂದ ದೊಡ್ಡ ನಷ್ಟ ಇಲ್ಲ. ಒಂದು ಎಚ್ಚರಿಕೆ: ಈ ಮೈಕಿನ ನಕಲಿಗಳು ಬಹಳ. ಬೆಲೆ ನಂಬಲಾಗದಷ್ಟು ಕಮ್ಮಿ ಇದ್ದರೆ ನಂಬಲೇಬೇಡಿ.

ಶೂರ್ ಕಂಪನಿಯದೇ ಇನ್ನೊಂದು ಡೈನಾಮಿಕ್ ಮೈಕ್ ಎಸ್‌ಎಂ7ಬಿ ಮೇಲೂ ಆಸೆ ಇತ್ತು. ಆದರೆ ಅದರ ಔಟ್‌ಪುಟ್ ಬಹಳ ಸಣ್ಣದು, ಸುಮಾರು 60 ಡೆಸಿಬೆಲ್ ಗೇನ್ ಕೇಳುತ್ತದೆ. ಕಮ್ಮಿ ಬೆಲೆಯ ಎಷ್ಟೋ ಇಂಟರ್‌ಫೇಸುಗಳಲ್ಲಿ ಗುಂಡಿಯನ್ನು ಪೂರ್ತಿ ತಿರುಗಿಸಬೇಕಾಗುತ್ತದೆ, ಆಗ ಹಿಸ್ ಅನ್ನುವ ಸದ್ದು ಏಳುತ್ತದೆ. ಅದಕ್ಕೆ ಮೈಕಿನ ಸದ್ದನ್ನು ಮೊದಲೇ ಏರಿಸುವ ಇನ್ನೊಂದು ಬೂಸ್ಟರ್ ಕೊಳ್ಳಬೇಕು. ಮೊದಲ ಮೈಕಿಗೆ ಅಷ್ಟು ತಲೆನೋವು ಬೇಡ ಅಂತ ಬಿಟ್ಟೆ.

ಕೋಣೆ ಸದ್ದಿಲ್ಲದ್ದಾಗಿದ್ದು, ಹಾಸಿಗೆ, ಕಿಟಕಿ ಪರದೆ, ಪುಸ್ತಕ ತುಂಬಿದ್ದು, ನೀವು ಪಿಸುಮಾತಿನಷ್ಟು ಮೆತ್ತಗೆ ಹಾಡುವವರಾಗಿದ್ದರೆ ಕಂಡೆನ್ಸರ್ ಕಡೆಗೇ ಹೋಗಿ. ಆಗ ಕಾಗದದಲ್ಲಿ ನೋಡಬೇಕಾದ್ದು ಸೆಲ್ಫ್ ನಾಯ್ಸ್, ಅಂದರೆ ಮೈಕ್ ತಾನೇ ಮಾಡುವ ಸದ್ದು. ಆಡಿಯೋ ಟೆಕ್ನಿಕಾ ಎಟಿ2020ರಲ್ಲಿ ಅದು 20 ಡೆಸಿಬೆಲ್, ರೋಡ್ ಎನ್‌ಟಿ1-ಎಯಲ್ಲಿ 5. ಮೆತ್ತನೆ ಹಾಡಿಗೆ ಈ ವ್ಯತ್ಯಾಸ ಕೇಳಿಸುತ್ತದೆ. ಕಮ್ಮಿ ಬೆಲೆಗೆ ಸ್ಟ್ಯಾಂಡ್ ಸಮೇತ ಸಿಗುವ, 3.5 ಮಿಲಿಮೀಟರ್ ಪಿನ್ನಿನ ಕಂಡೆನ್ಸರ್ ಸೆಟ್‌ಗಳನ್ನು ಮಾತ್ರ ನೋಡಿಕೊಂಡು ತಗೊಳ್ಳಿ. ಕಂಪ್ಯೂಟರಿನ ಆ ಸಣ್ಣ ಕಿಂಡಿಯಿಂದ 48 ವೋಲ್ಟ್ ಬರೋದಿಲ್ಲ.

ಮೈಕ್ ಬಂದ ಮೇಲೆ ಅದನ್ನು ಇಡುವ ಜಾಗಕ್ಕೇ ಹೆಚ್ಚು ಹೊತ್ತು ಹೋಯಿತು. ಎಸ್‌ಎಂ58 ಕಾರ್ಡಿಯಾಯ್ಡ್ ಮೈಕ್, ಅಂದರೆ ಎದುರಿನ ಸದ್ದನ್ನು ಹೆಚ್ಚು ಹಿಡಿದು ಹಿಂಬದಿಯಿಂದ ತೀರಾ ಕಮ್ಮಿ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಕಂಪ್ಯೂಟರ್ ಮೈಕಿನ ಬೆನ್ನಿಗೆ ಬರುವ ಹಾಗೆ ಮೇಜು ತಿರುಗಿಸಿದೆ. ನಿಮ್ಮದು ಸೂಪರ್‌ಕಾರ್ಡಿಯಾಯ್ಡ್ (ಎದುರಿನ ಇನ್ನೂ ಕಿರಿದಾದ ಜಾಗದಿಂದ ಹಿಡಿಯುವ ಮೈಕ್) ಆಗಿದ್ದರೆ ಅದರ ಕಿವುಡು ಜಾಗ ನೇರ ಹಿಂದೆ ಇರೋದಿಲ್ಲ, ಹಿಂಬದಿಯ ಎರಡು ಓರೆಗಳಲ್ಲಿ ಇರುತ್ತದೆ. ದಪ್ಪ ಹೊದಿಕೆಯನ್ನು ಬಹಳ ಜನ ಮೈಕಿನ ಹಿಂದೆ ನೇತು ಹಾಕುತ್ತಾರೆ. ನಾನು ನನ್ನ ಬೆನ್ನ ಹಿಂದೆ ಹಾಕಿದೆ. ಮೈಕ್ ನೋಡುತ್ತಿರುವುದು ನನ್ನ ಕಡೆಗೆ, ಅಂದರೆ ನನ್ನ ಹಿಂದಿನ ಗೋಡೆಯ ಕಡೆಗೂ ಹೌದು. ಚಪ್ಪಾಳೆಯ ಆ ಟರ್ ಸದ್ದು ಅಲ್ಲಿಗೆ ಬಹುಪಾಲು ಇಳಿಯಿತು.

'ಪ', 'ಭ' ಬಂದಾಗ ಗಾಳಿ ಬಡಿಯುವುದಕ್ಕೆ ಪಾಪ್ ಫಿಲ್ಟರ್ ಇದ್ದೇ ಇದೆ. ಅದರ ಜೊತೆಗೆ ಮೈಕನ್ನು ಬಾಯಿಯ ಮೂಲೆಯ ಕಡೆಗೆ ಸ್ವಲ್ಪ ಓರೆ ಇಟ್ಟರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ದನಿ ಮಾತ್ರ ಸಿಗುತ್ತದೆ. ರೆಕಾರ್ಡಿಂಗ್ 24 ಬಿಟ್‌ನಲ್ಲಿ, ಅತಿ ಜೋರಿನ ಸಾಲು ಹಾಡಿದಾಗ ಸದ್ದಿನ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು (ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ). ಅದಕ್ಕಿಂತ ಮೇಲೆ ತಳ್ಳುವ ಅಗತ್ಯ ನನಗಂತೂ ಬಿದ್ದಿಲ್ಲ.

ಕಂಡೆನ್ಸರ್ ಬೇಡವೇ ಬೇಡ ಅಂತೇನಿಲ್ಲ. ಗಿಟಾರ್ ರೆಕಾರ್ಡ್ ಮಾಡಲು ಅದನ್ನೇ ಎರವಲು ತರುತ್ತೇನೆ, ತಂತಿಯ ಮಿನುಗು ಡೈನಾಮಿಕ್‌ನಲ್ಲಿ ಸಿಗೋದಿಲ್ಲ. ಹಾಗೆ ತಂದ ದಿನ ಮಾತ್ರ ಫ್ರಿಜ್ ಇರುವ ಕೋಣೆಯ ಬಾಗಿಲು ಹಾಕಿಕೊಂಡು ಬರ್ತೀನಿ.