ಡುಕಾಟಿ ಮ್ಯೂಸಿಯಂ ಜೊತೆ ಫ್ಯಾಕ್ಟರಿಯನ್ನೂ ನೋಡಿ ಬರುವುದು ಹೇಗೆ?

ಇಟಲಿಯ ಬೊಲೋನ್ಯಾದ ಬೊರ್ಗೊ ಪಾನಿಗಾಲೆಯಲ್ಲಿ ಬೈಕ್ ಕಂಪನಿ ಡುಕಾಟಿಯ ಮ್ಯೂಸಿಯಂ ಮತ್ತು ಫ್ಯಾಕ್ಟರಿ ಒಂದೇ ಕಡೆ ಇವೆ. ಆದರೂ ಅಷ್ಟು ದೂರ ಹೋದ ಎಷ್ಟೋ ಜನ ಮ್ಯೂಸಿಯಂ ಮಾತ್ರ ನೋಡಿ ವಾಪಸ್ ಬರುತ್ತಾರೆ. ಬೈಕ್ ಪ್ರೀತಿಸುವವರಿಗೆ ಇದು ದೊಡ್ಡ ನಷ್ಟ.

ಮೊದಲು ಟಿಕೆಟ್. ಬರೀ ಮ್ಯೂಸಿಯಂ ಟಿಕೆಟ್ ಬೇರೆ, ಫ್ಯಾಕ್ಟರಿ ಸೇರಿದ್ದು ಬೇರೆ. ಫ್ಯಾಕ್ಟರಿಯೊಳಗೆ ಗೈಡ್ ಜೊತೆಯೇ ಹೋಗಬೇಕು, ಮುಂಚೆಯೇ ಬುಕ್ ಮಾಡಿರಬೇಕು. ಶನಿವಾರ, ಭಾನುವಾರ ಬೇಡ. ಆಗಸ್ಟ್ ಅಂತೂ ಇಟಲಿಯ ಕಾರ್ಖಾನೆಗಳಿಗೆ ರಜೆಯ ಕಾಲ. ವಾರದ ನಡುವಿನ ಒಂದು ದಿನ ಹಿಡಿದು, ಆಮೇಲೆ ವಿಮಾನದ ಟಿಕೆಟ್ ಮಾಡಿಸಿ. ಫೆರಾರಿ, ಲಂಬೋರ್ಗಿನಿ, ಡುಕಾಟಿ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುವ ಪ್ಯಾಕೇಜ್ ತಗೊಳ್ಳಬೇಡಿ. ಯಾವುದನ್ನೂ ಸರಿಯಾಗಿ ನೋಡಲು ಆಗುವುದಿಲ್ಲ.

ಹೋಗುವ ಮೊದಲು ಡೆಸ್ಮೊ ಅಂದರೇನು ಅಂತ ತಿಳಿದುಕೊಳ್ಳಿ. ಇದು ಗೊತ್ತಿಲ್ಲದೆ ಹೋದರೆ ಕಾಣುವುದು ಸುಮ್ನೆ ಕೆಂಪು ಬೈಕುಗಳು, ಅಷ್ಟೇ. ಎಂಜಿನ್‌ಗೆ ಗಾಳಿ-ಇಂಧನ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲೇ ವಾಲ್ವ್. ಸಾಮಾನ್ಯ ಎಂಜಿನ್‌ನಲ್ಲಿ ಅದನ್ನು ತೆರೆಯುವುದು ಕ್ಯಾಮ್ (ತಿರುಗುತ್ತಾ ತಳ್ಳುವ ಉಬ್ಬು), ಮುಚ್ಚುವುದು ಸ್ಪ್ರಿಂಗ್. ಎಂಜಿನ್ ಜಾಸ್ತಿ ವೇಗದಲ್ಲಿ ತಿರುಗಿದಾಗ ಹಳೇ ಕಾಲದ ಸ್ಪ್ರಿಂಗ್‌ಗಳು ಹಿಂದೆ ಬೀಳುತ್ತಿದ್ದವು. ವಾಲ್ವ್ ಸಮಯಕ್ಕೆ ಮುಚ್ಚದೆ ಪಿಸ್ಟನ್‌ಗೆ ತಾಗುವ ಅಪಾಯವಿತ್ತು. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲ್ಯೋನಿ ಮುಚ್ಚುವುದಕ್ಕೂ ಬೇರೆ ಕ್ಯಾಮ್, ಬೇರೆ ರಾಕರ್ (ಕ್ಯಾಮ್‌ನ ಚಲನೆಯನ್ನು ವಾಲ್ವಿಗೆ ಮುಟ್ಟಿಸುವ ಸನ್ನೆ) ಇಟ್ಟರು. ಇದೇ ಡೆಸ್ಮೊ. ಉಪಾಯ ಹೊಸದಲ್ಲ, 1954ರ ಮರ್ಸಿಡಿಸ್ ರೇಸ್ ಕಾರಿನಲ್ಲೂ ಇತ್ತು. ಆದರೆ ಅದನ್ನು ಬಿಡದೆ ಹಿಡಿದು ಬೆಳೆಸಿದ್ದು ತಾಲ್ಯೋನಿ. 1956ರಲ್ಲಿ ಅವರ 125 ಸಿಸಿ ಡೆಸ್ಮೊ ಬೈಕ್ ಸ್ವೀಡನ್‌ನಲ್ಲಿ ತನ್ನ ಮೊದಲ ರೇಸನ್ನೇ ಗೆದ್ದಿತು. 2007ರಲ್ಲಿ ರೇಸರ್ ಕೇಸಿ ಸ್ಟೋನರ್ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಆದ ಮೋಟೋಜಿಪಿ ಗೆದ್ದದ್ದೂ ಡೆಸ್ಮೊ ಎಂಜಿನ್ ಮೇಲೆಯೇ.

ಇಷ್ಟು ಹೆಮ್ಮೆಯ ಡೆಸ್ಮೊವನ್ನು ಬಿಟ್ಟು, ದೂರ ಪ್ರಯಾಣದ ಬೈಕ್ ಮಲ್ಟಿಸ್ಟ್ರಾಡಾ ವಿ4ಗೆ ಮಾಡಿದ ಗ್ರಾಂಟುರಿಸ್ಮೊ ಎಂಜಿನ್‌ನಲ್ಲಿ ಡುಕಾಟಿ ಮತ್ತೆ ಸ್ಪ್ರಿಂಗ್‌ಗೆ ಬಂದಿದೆ. ಇದರ ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ಬಳಿ ಬಿಡುವ ಸಣ್ಣ ಸಂದು) ಚೆಕ್ ಮಾಡಿಸುವುದು 60,000 ಕಿ.ಮೀ.ಗೆ ಒಮ್ಮೆ. ದೂರ ಪ್ರಯಾಣದ ಬೈಕಿಗೆ ಪದೇ ಪದೇ ಚೆಕ್ ಮಾಡಿಸಬೇಕಿಲ್ಲ ಅನ್ನುವುದೇ ಮುಖ್ಯ, ಅಲ್ವಾ? ಹಾಗಾಗಿ ಒಳಗೆ ಎಂಜಿನ್ ಕಂಡಾಗಲೆಲ್ಲ ಗೈಡ್‌ಗೆ ಒಂದೇ ಪ್ರಶ್ನೆ ಕೇಳಿ: ಇದು ಡೆಸ್ಮೊನಾ, ಸ್ಪ್ರಿಂಗಾ? ಒಳ್ಳೆಯ ಮಾತು ಅಲ್ಲಿಂದ ಶುರುವಾಗುತ್ತದೆ.

ಫ್ಯಾಕ್ಟರಿಯೊಳಗೆ ಫೋಟೊ, ವಿಡಿಯೊ ತೆಗೆಯುವಂತಿಲ್ಲ. ಕದ್ದು ತೆಗೆಯಲು ಹೋಗಬೇಡಿ. ಕಣ್ಣಿಂದ ನೋಡಿ, ಕೆಲಸ ಮಾಡುವವರ ಕೈ ಗಮನಿಸಿ. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇರಲಿ.

ಮ್ಯೂಸಿಯಂನಲ್ಲಿ ರೇಸ್ ಬೈಕುಗಳ ಕಡೆ ಓಡುವ ಮೊದಲು ಕುಚ್ಚೋಲೊ ಮುಂದೆ ನಿಲ್ಲಿ. 1926ರಲ್ಲಿ ರೇಡಿಯೊ ಬಿಡಿಭಾಗ ಮಾಡಲು ಹುಟ್ಟಿದ ಕಂಪನಿ, ಯುದ್ಧ ಮುಗಿದ ಮೇಲೆ ಸೈಕಲ್‌ಗೆ ಕಟ್ಟುವ ಈ 48 ಸಿಸಿ ಎಂಜಿನ್‌ನಿಂದಲೇ ಬೈಕಿನ ದಾರಿ ಹಿಡಿದದ್ದು.

ಅಂಗಡಿ ಕೊನೆಗಿರಲಿ. ಜಾಕೆಟ್, ಹೆಲ್ಮೆಟ್ ಚೀಲ ಹೊತ್ತುಕೊಂಡು ಫ್ಯಾಕ್ಟರಿ ಸುತ್ತುವುದು ಕಷ್ಟ.